ಮುಗಿಯದ ಕಥೆ

ವಿದ್ಯಾರ್ಥಿನಿಲಯದಲ್ಲಿ ಬೆಳೆದವರಿಗೆ ವಿದ್ಯಾರ್ಥಿನಿಲಯದ ಕಥೆಯೆಂದರೆ ತವರಿನ ಸುದ್ದಿಯಿದ್ದಂತೆ. ಆದುದರಿಂದಲೇ ಅಮೆರಿಕದ ಲೇಖಕಿ ಮೌರೀನ್ ಜಾನ್ಸನ್‌ರವರು 2018ರಲ್ಲಿ ಪ್ರಕಟಿಸಿದ ‘ಟ್ರೂಲಿ ಡೀವಿಯಸ್’ ಎಂಬ ಪತ್ತೇದಾರಿ ಕಾದಂಬರಿಯನ್ನು, ಹಿಂದೆ ಒಂದೇ ಕೊಠಡಿಯಲ್ಲಿ ಚಾಪೆ ಹಾಸಿದ್ದ ಐವರು ಗೆಳತಿಯರಾದ ನಾವು ಕೈಯಿಂದ ಕೈಗೆ ದಾಟಿಸಿ ಓದಿದೆವು.

ವರ್ಮಾಂಟ್ ಸಂಸ್ಥಾನದ ಬೆಟ್ಟದ ಮೇಲೆ ಎಲ್ಲಿಂಗ್‌ಹ್ಯಾಮ್ ಎಂಬ ಧನಿಕನು ಶುಲ್ಕವಿಲ್ಲದ ಶಾಲೆಯೊಂದನ್ನು ಸ್ಥಾಪಿಸುವನು. 1936ರಲ್ಲಿ ಅವನ ಮಡದಿಯೂ ಮಗಳೂ ಅಪಹೃತರಾಗುವರು. ಬಹುಕಾಲದ ತರುವಾಯ ಸ್ಟೀವಿ ಬೆಲ್ ಎಂಬ ಹುಡುಗಿ ಆ ರಹಸ್ಯವನ್ನು ಭೇದಿಸಲೆಂದೇ ಅಲ್ಲಿಗೆ ಸೇರುವಳು. ಅಷ್ಟರಲ್ಲಿ ಸಹಪಾಠಿಯೊಬ್ಬನು ಮರಣಹೊಂದುವನು. ಕೊನೆಗೆ, ಸ್ಟೀವಿಯಿಂದ ಆರೋಪಕ್ಕೊಳಗಾದ ಸಹಪಾಠಿನಿಯೊಬ್ಬಳು ಗುಪ್ತದ್ವಾರದಿಂದ ತಪ್ಪಿಸಿಕೊಂಡು ಹೋಗುವಳು.

ಗ್ರಂಥದ ವಿಷಯದಲ್ಲಿ ನಮಗೆ ಏಕಾಭಿಪ್ರಾಯವಾಗಲಿಲ್ಲ. ಇಬ್ಬರು ಒಗಟುಗಳನ್ನೂ ಸುರಂಗಗಳನ್ನೂ ಬಹುವಾಗಿ ಮೆಚ್ಚಿದರು. ಮತ್ತಿಬ್ಬರು, ಉತ್ತರಕ್ಕಾಗಿ 2019ರ ಹಾಗೂ 2020ರ ಭಾಗಗಳನ್ನು ಓದಬೇಕೆಂದು ತಿಳಿದು, “ಎಲೆ ಹಾಕಿ ಪಾಯಸ ಬಡಿಸದೆ ಎಬ್ಬಿಸಿದಂತಾಯಿತು” ಎಂದು ಮುನಿದರು. ಐದನೆಯವಳು ಮಾತ್ರ, “ಆ ಓಡಿಹೋದ ಹುಡುಗಿಯ ಮಾತನ್ನು ನೀವಾರೂ ಎತ್ತಲಿಲ್ಲವಲ್ಲ” ಎಂದಳು.

ನಾವು ನಾಲ್ವರೂ ತಲೆ ತಗ್ಗಿಸಿದೆವು. ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮಲ್ಲೊಬ್ಬಳ ಬೆಳ್ಳಿಯ ಸರ ಕಾಣೆಯಾಗಿತ್ತು. ನಾವು ಪತ್ತೇದಾರರಾಗಿ, ಈಕೆ ಹೋಗಿಬರುವ ವೇಳೆಗಳನ್ನು ಬರೆದಿಟ್ಟು, ಈಕೆ ನೀರು ತರಲು ಹೋದಾಗ ಪೆಟ್ಟಿಗೆಯನ್ನು ಶೋಧಿಸಿದೆವು. ಎಂಟು ದಿನಗಳಾದ ಮೇಲೆ ಸರವು ಒಡತಿಯ ದಿಂಬಿನ ಹೊಲಿಗೆಯೊಳಗೇ ದೊರಕಿತು. ಶೋಧನೆಯ ಸಂಗತಿ ಈಕೆಗೆ ತಿಳಿಯದೆಂದು ನಂಬಿ ನಾವು ಸುಮ್ಮನಾದೆವು.

“ನನ್ನ ಬಟ್ಟೆಗಳ ಮಡಿಕೆ ಬದಲಾಗಿತ್ತು” ಎಂದಳು ಅವಳು. “ಸರ ಸಿಕ್ಕುವವರೆಗೆ ರಾತ್ರಿಗಳಲ್ಲಿ ನಾನು ನಿದ್ರಿಸಲಿಲ್ಲ.”

ಕಳ್ಳರನ್ನು ಹುಡುಕುವ ಉತ್ಸಾಹವು ಎಳೆಯರಿಗೆ ಸಹಜವಾದುದು. ಹುಡುಕಿಸಿಕೊಂಡವರ ಅಳಲು ಅವರಿಗೆ ತೋರುವುದಿಲ್ಲ. ನಮಗೂ ಅಂದು ತೋರಲಿಲ್ಲ. ಇಂತಹ ಪುಸ್ತಕವನ್ನು ಹೆಣ್ಣುಮಕ್ಕಳಿಗೆ ಕೊಡಬಹುದೇ ಎಂದು ಶಂಕಿಸುವ ತಾಯ್ತಂದೆಗಳು ಧಾರಾಳವಾಗಿ ಕೊಡಲಿ. ಓದಿ ಮುಗಿಸಿದ ಮೇಲೆ ಓಡಿಹೋದವಳ ವಿಷಯವನ್ನು ತಪ್ಪದೆ ಕೇಳಲಿ.

ಅಂದು ಸಂಜೆ ನಾವು ನಾಲ್ವರೂ ಅವಳ ಕ್ಷಮೆಯನ್ನು ಬೇಡಿದೆವು. ಅವಳು ನಕ್ಕು, ಎರಡನೆಯ ಭಾಗವನ್ನು ಮೊದಲು ತನಗೇ ಕೊಡಬೇಕೆಂದು ಕರಾರು ಮಾಡಿದಳು.