ಕಾರವಾರದ ಕಡಲದಂಡೆಯಲ್ಲಿ ಒಂದು ಮಧ್ಯಾಹ್ನ

ಕಳೆದ ಮಾಘಮಾಸದಲ್ಲಿ ಬಂಧುಗಳ ಮನೆಯ ಗೃಹಪ್ರವೇಶಕ್ಕೆಂದು ನಾವು ಧಾರವಾಡದಿಂದ ಕಾರವಾರಕ್ಕೆ ಹೋಗಿದ್ದೆವು. ಪ್ರಸಾದ ಮುಗಿದ ಮೇಲೆ ಹಿರಿಯರೆಲ್ಲ ವಿಶ್ರಾಂತಿಗೆ ತೆರಳಿದರು. ಎಂಟು ವರ್ಷದ ಮೊಮ್ಮಗ ಮಾತ್ರ ಕಡಲನ್ನು ಕಾಣಲೇಬೇಕೆಂದು ಹಟ ಹಿಡಿದನು. ಅವನ ಕೈ ಹಿಡಿದು ದಂಪತಿಗಳಿಬ್ಬರೂ ದಂಡೆಗೆ ನಡೆದೆವು. ರವೀಂದ್ರನಾಥ ಠಾಕೂರರು ತಾರುಣ್ಯದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನವರ ಮನೆಯಲ್ಲಿ ಉಳಿದುಕೊಂಡು ಇದೇ ಮರಳಿನ ಮೇಲೆ ತಿರುಗಾಡಿದ್ದರು. 1884ರಲ್ಲಿ ಪ್ರಕಟವಾದ ಅವರ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ರೂಪುಗೊಂಡದ್ದು ಇಲ್ಲಿಯೇ. ಲೋಕವನ್ನು ತೊರೆದ ಸನ್ಯಾಸಿಯೊಬ್ಬನಲ್ಲಿ ಅನಾಥ ಬಾಲಿಕೆಯೊಬ್ಬಳು ಮಮತೆಯನ್ನು ಎಚ್ಚರಿಸುವ ಕಥೆ ಅದು.

ಇಳಿತದ ಹೊತ್ತು. ದೂರದಲ್ಲಿ ಎರಡು ಸಾಲುಗಳಲ್ಲಿ ನಿಂತ ಜನರು ಕೈರಂಪಣಿ ಬಲೆಯ ಹಗ್ಗವನ್ನು ಒಂದೇ ಲಯದಲ್ಲಿ ಎಳೆಯುತ್ತಿದ್ದರು. ದೋಣಿಯ ಮೂತಿಗೆ ಚೆಂಡುಹೂವಿನ ಮಾಲೆ ಹಾಕಿತ್ತು. ಮುದುಕನೊಬ್ಬನು ಚಪ್ಪಲಿಯನ್ನು ದೂರದಲ್ಲಿ ಬಿಟ್ಟು ಬಂದು, ದೋಣಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡನು. ನಾವು ರೈತರ ಮನೆಯವರು. ನೇಗಿಲಿಗೆ ಹಾಗೆಯೇ ಕೈಮುಗಿಯುವವರು. ಆದರೂ ಮೀನಿನ ವಾಸನೆ ತಾಕಿದೊಡನೆ ನಮ್ಮವಳು ಸೆರಗನ್ನು ಮೂಗಿಗೆ ಹಿಡಿದಳು. ನಾವು ಹೆಜ್ಜೆಯನ್ನು ಬೇಗಬೇಗನೆ ಹಾಕಿದೆವು.

ಮುಂದೆ, ಅಲೆ ಹಿಂದೆ ಸರಿದ ಒದ್ದೆ ಮರಳಿನ ಮೇಲೆ ನೂರಾರು ಪುಟ್ಟ ಹಕ್ಕಿಗಳು ಮೇಯುತ್ತಿದ್ದವು. ನಾಲ್ಕು ಹೆಜ್ಜೆ ಓಡಿ, ಥಟ್ಟನೆ ನಿಂತು, ಮರಳಿನೊಳಗಿನ ಹುಳುವನ್ನೋ ಎಳೆ ಏಡಿಯನ್ನೋ ಹೆಕ್ಕಿ, ಮತ್ತೆ ಓಡುತ್ತಿದ್ದವು. ಮೊಮ್ಮಗನು ಕೇಕೆ ಹಾಕುತ್ತ ಅವುಗಳ ನಡುವೆ ನುಗ್ಗಿದನು. ಹಿಂಡು ಹಾರಿ ಅತ್ತ ಇಳಿಯಿತು. ಅವನು ಅತ್ತಲೂ ಓಡಿದನು. ನಾವು ನೋಡಿ ನಗುತ್ತಿದ್ದೆವು.

ಬುಟ್ಟಿ ಹೊತ್ತು ಬರುತ್ತಿದ್ದ ಮೀನುಗಾರ ತಾಯಿಯೊಬ್ಬರು ನಿಂತರು. ಕೊಂಕಣಿ ಬೆರೆತ ಕನ್ನಡದಲ್ಲಿ, “ಬಾಬು, ಓಡಿಸಬೇಡ. ಪಾಪ, ಬಹಳ ದೂರದಿಂದ ಬಂದಾವೆ. ಹೊಟ್ಟೆ ತುಂಬಾ ತಿನ್ನಲಿ” ಎಂದರು. ಬಳಿಕ ನಮ್ಮತ್ತ ತಿರುಗಿ, “ನಾವೂ ಮಳೆಗಾಲದಲ್ಲಿ ಕಡಲಿಗೆ ಬಿಡುವು ಕೊಡುತ್ತೇವೆ ಅಮ್ಮಾ. ಶ್ರಾವಣದ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡುತ್ತೇವೆ” ಎಂದು ನಕ್ಕು ಮುಂದೆ ನಡೆದರು. ನಮ್ಮವಳ ಸೆರಗು ತಾನಾಗಿಯೇ ಮೂಗಿನಿಂದ ಕೆಳಗಿಳಿದಿತ್ತು.

ಊರಿಗೆ ಮರಳಿ ಪಕ್ಷಿಗಳ ಪುಸ್ತಕ ತೆರೆದಾಗ ಆ ತಾಯಿಯ ಮಾತಿನ ಸತ್ಯ ತಿಳಿಯಿತು. ಅವು ಸ್ಯಾಂಡ್ ಪ್ಲೋವರ್ ಎಂಬ ಹಕ್ಕಿಗಳು. ತೂಕ ಸುಮಾರು 60 ಗ್ರಾಂ. ಹಿಮಾಲಯ, ಟಿಬೆಟ್‌ಗಳ ಎತ್ತರದ ನೆಲದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ಕರಾವಳಿಗೆ ಬರುತ್ತವೆ. ಬೇಸಿಗೆಯಲ್ಲಿ ಮರಳುವ ಮುನ್ನ ದಾರಿಗೆ ಬೇಕಾದ ಕೊಬ್ಬನ್ನು ಮೈಯಲ್ಲಿ ಕೂಡಿಸಿಕೊಳ್ಳಬೇಕು. ಪದೇ ಪದೇ ಬೆದರಿಸಿದರೆ ಮೇಯುವ ಹೊತ್ತೂ ಹೋಗುತ್ತದೆ, ಕೂಡಿಸಿದ ಬಲವೂ ಕರಗುತ್ತದೆ. ಆ ತಾಯಿ ಹೇಳಿದ ಬಿಡುವಿಗೆ ಈಗ ಸರಕಾರದ ನಿಯಮವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ.

ಪ್ರಾಣಿದಯೆಯ ಮಾತನ್ನು ಮಕ್ಕಳಿಗೆ ನಿತ್ಯವೂ ಹೇಳುವವರು ನಾವು. ಹಕ್ಕಿಗಳು ಬೆದರಿ ಹಾರುವಾಗ ನಕ್ಕವರೂ ನಾವೇ. ನಾವು ಮೂಗು ಮುಚ್ಚಿಕೊಂಡು ದಾಟಿ ಬಂದ ಜನರ ಬಾಯಿಂದಲೇ ಆ ಪಾಠವನ್ನು ಮತ್ತೊಮ್ಮೆ ಕಲಿಯಬೇಕಾಯಿತು.

ಅಂದು ಮೊಮ್ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮರಳಿನ ಮೇಲೆ ಸುಮ್ಮನೆ ಕುಳಿತೆವು. ತುಸು ಹೊತ್ತಿಗೆ ಹಿಂಡು ಮರಳಿ ಬಂದಿತು. ಒಂದು ಹಕ್ಕಿ ನಮ್ಮ ಕಾಲಿನಿಂದ ಹತ್ತು ಮಾರು ದೂರದವರೆಗೂ ಬಂದು ಮೇಯತೊಡಗಿತು. “ಅಜ್ಜಾ, ಮಾತಾಡಬೇಡ” ಎಂದು ಮೊಮ್ಮಗನೇ ಪಿಸುಗುಟ್ಟಿದನು.