ಉಸಿರಿಗೆ ನಿಂತ ಕಡೆ

ಊಟ ಮುಗಿದು ಮನೆ ಮಲಗಿದ ಮೇಲೆ ನನ್ನ ಕೈ ತಾನಾಗಿಯೇ ಹೋಗುವುದು ಒಂದೇ ರೆಕಾರ್ಡಿನತ್ತ: ಜಾಜ್ ಆರ್ಗನ್ ವಾದಕ ಜಿಮ್ಮಿ ಸ್ಮಿತ್‌ನ ‘ಬ್ಯಾಕ್ ಅಟ್ ದ ಚಿಕನ್ ಶ್ಯಾಕ್’. ಹೊದಿಕೆಯ ಮೇಲೆ ಸ್ಮಿತ್ ಜೊತೆಗೆ ಒಂದು ನಾಯಿ, ಒಂದು ಹುಂಜ. 1960ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೊದಲ್ಲಿ ನುಡಿಸಿದ್ದನ್ನು ಬ್ಲೂ ನೋಟ್ ಕಂಪನಿ 1963ರಲ್ಲಿ ಹೊರತಂದಿತು.

ಹಾರ್ಮೋನಿಯಂ ಕೇಳುತ್ತ ಬೆಳೆದ ಕಿವಿ ನನ್ನದು. ಹಾಗಾಗಿ ಸ್ಮಿತ್ ನುಡಿಸುವ ಹ್ಯಾಮಂಡ್ ಆರ್ಗನ್‌ನಲ್ಲಿ ತಿದಿಯೇ ಇಲ್ಲ ಎಂದು ತಿಳಿದ ದಿನ ಬೆರಗಾಗಿದ್ದೆ. ಅದರೊಳಗೆ 91 ಲೋಹದ ಚಕ್ರಗಳು ಆಯಸ್ಕಾಂತಗಳ ಮುಂದೆ ತಿರುಗುತ್ತವೆ, ನಾದ ಹುಟ್ಟುವುದು ವಿದ್ಯುತ್ತಿನಿಂದ. ಬೆರಳು ಎತ್ತುವ ತನಕ ಸ್ವರಕ್ಕೆ ದಣಿವಿಲ್ಲ. ಕೀ ಒತ್ತಿದೊಡನೆ ‘ಟಿಕ್’ ಎಂದು ಸಣ್ಣದೊಂದು ಸದ್ದು. ತಯಾರಿಸಿದವರಿಗೆ ಅದು ದೋಷ. ಜಾಜ್ ನುಡಿಸುವವರಿಗೆ ಲಯದ ಚಿಟಿಕೆ. ಬೇಸ್ ನುಡಿಸಲು ಬೇರೆ ಆಳೂ ಇಲ್ಲ. ಸ್ಮಿತ್‌ನ ಎಡಗೈ, ಪೆಡಲಿನ ಮೇಲಿನ ಪಾದ, ಇವೇ ಆ ನಡಿಗೆಯನ್ನು ಹೊತ್ತಿವೆ.

ಇಷ್ಟು ದಣಿವರಿಯದ ಯಂತ್ರದ ಪಕ್ಕದಲ್ಲಿ 26 ವರ್ಷದ ಸ್ಟ್ಯಾನ್ಲಿ ಟರೆಂಟೀನ್‌ನ ಟೆನರ್ ಸ್ಯಾಕ್ಸೊಫೋನ್. ಎಳೆಪಾಕಕ್ಕೆ ಬಂದ ಬೆಲ್ಲದ ಹಾಗೆ ಅವನ ಸ್ವರ: ಎಳೆದಷ್ಟೂ ಬರುತ್ತದೆ, ತುದಿಯಲ್ಲಿ ತುಸು ಕಂಪಿಸಿ ಕಡಿಯುತ್ತದೆ. ಕಡಿಯಲೇಬೇಕು, ಅದು ಮನುಷ್ಯನ ಎದೆಯ ಗಾಳಿ.

ಈ ರೆಕಾರ್ಡಿನಲ್ಲಿ ನನಗೆ ಪ್ರಾಣವಾದದ್ದು ಆ ಕಡಿದ ಜಾಗವೇ. ಎರಡನೆಯ ಬದಿಯ ಮೊದಲ ಹಾಡು, ಟರೆಂಟೀನ್ ತಾನೇ ಕಟ್ಟಿದ ‘ಮೈನರ್ ಚಾಂಟ್’ ಹಾಕಿ, ದೀಪ ಆರಿಸಿ ಕೇಳಬೇಕು. ಸಾಲು ಮುಗಿಸಿ ಅವನು ಉಸಿರಿಗೆ ನಿಲ್ಲುತ್ತಾನೆ. ಅರೆಗಳಿಗೆ, ಅಷ್ಟೇ. ಕೆಳಗೆ ಆರ್ಗನ್ ಹರಿಯುತ್ತಲೇ ಇರುತ್ತದೆ. ಹರಿಕಥೆಯ ದಾಸರು ನಿಂತಾಗ ಹಾರ್ಮೋನಿಯಂ ಸಾಲನ್ನು ಎತ್ತಿ ಹಿಡಿಯುತ್ತದಲ್ಲ, ಹಾಗೆ. ಅವನ ಮುಂದಿನ ಸಾಲು ಹಿಂದಿನದಕ್ಕಿಂತ ಧೈರ್ಯವಾಗಿ ಬರುತ್ತದೆ, ಬಿದ್ದರೆ ಹಿಡಿಯುವವರಿದ್ದಾರೆ ಎಂಬಂತೆ. ಡೊನಾಲ್ಡ್ ಬೇಲಿ ಡ್ರಮ್ಸನ್ನು ಅಬ್ಬರವಿಲ್ಲದೆ ನಡೆಸುತ್ತಾನೆ. ಆ ಸಂಯಮಕ್ಕೆ ನಾನು ಋಣಿ.

ಟರೆಂಟೀನ್ ಮುಂದೆ ಶರ್ಲಿ ಸ್ಕಾಟ್‌ಳನ್ನು ಮದುವೆಯಾದ. ಅವಳೂ ಆರ್ಗನ್ ವಾದಕಿ. ಇಬ್ಬರೂ ಕೂಡಿ ನುಡಿಸಿದ ರೆಕಾರ್ಡುಗಳು ಹಲವು.

ಇದನ್ನೆಲ್ಲ ನೆನೆಯುವಷ್ಟರಲ್ಲಿ ಮುಂದಿನ ಹಾಡು ‘ಮೆಸ್ಸಿ ಬೆಸ್ಸಿ’ ಶುರುವಾಗಿರುತ್ತದೆ, ಹನ್ನೆರಡು ನಿಮಿಷದ ದೀರ್ಘ ಪಯಣ. ಒಂದು ಹಾಡು ಕೇಳಿ ಮಲಗೋಣವೆಂದು ಕೂತವನು ದಿಂಬನ್ನು ಗೋಡೆಗೆ ಒರಗಿಸಿಕೊಳ್ಳುತ್ತೇನೆ.