ಭರತ ಬಂತು, ಏಳು!

"ಕಾಲು ಬರವಲ್ದೋ!"

ಬೆನ್ನ ಹಿಂದಿನಿಂದ ಕೂಗು. ತಿರುಗಿ ನೋಡಿದರೆ ವಿಜಯಪುರದ ಗೆಳೆಯ ಎರಡು ಬಂಡೆಗಳ ಸಂದಿಗೆ ಮೊಣಕಾಲವರೆಗೆ ಇಳಿದುಬಿಟ್ಟಿದ್ದ. ಮುಖ ಬಿಳಿಚಿತ್ತು. ಗಂಟೆ 2.20. ಮೂರಕ್ಕೆ ಈ ದಾರಿ ಮುಚ್ಚುತ್ತದೆ.

ವೇಲ್ಸ್‌ನ ಗವರ್ ಪರ್ಯಾಯದ್ವೀಪದ ಪಶ್ಚಿಮ ತುದಿ, ರೊಸಿಲಿ. ಸ್ವಾನ್ಸಿಯಲ್ಲಿ ಓದುವ ನಮ್ಮಂಥವರು ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮರಳಬಹುದಾದ ಜಾಗ. ಅಲ್ಲಿಂದ ಕಡಲೊಳಗೆ ಚಾಚಿಕೊಂಡಿರುವ ಕಲ್ಲುಗುಡ್ಡವೇ ವರ್ಮ್ಸ್ ಹೆಡ್. ಇಳಿತದಲ್ಲಿ ನಡೆದೇ ಹೋಗಬಹುದು, ಭರತದಲ್ಲಿ ಅದು ದ್ವೀಪ. ನೀರು ಪೂರ್ತಿ ಇಳಿದ ಹೊತ್ತಿಗೆ ಎರಡೂವರೆ ತಾಸು ಹಿಂದೆ, ಎರಡೂವರೆ ತಾಸು ಮುಂದೆ, ದಾರಿ ತೆರೆದಿರುವುದು ಅಷ್ಟೇ. ಆ ಅಕ್ಟೋಬರ್ ದಿನ ಇಳಿತ 12.30ಕ್ಕೆ. ಡೆವಿಲ್ಸ್ ಬ್ರಿಡ್ಜ್ ಎಂಬ ಕಲ್ಲಿನ ಕಮಾನು ದಾಟಿ, ಬಂಡೆಗಳ ಮೇಲೆ ಮಲಗಿದ್ದ ಸೀಲ್‌ಗಳನ್ನು ಕಣ್ತುಂಬಿಕೊಂಡು, ಸಾಕಷ್ಟು ಸಮಯ ಮಿಗಿಸಿಕೊಂಡೇ ಮರಳಿ ಹೊರಟಿದ್ದೆವು. ಆದರೆ ದಾರಿಯೆನ್ನುವುದು ಹೆಸರಿಗೆ ಮಾತ್ರ. ಮೊನಚು ಬಂಡೆ, ಅದರ ಮೈತುಂಬ ಪಚ್ಚಿಲೆ, ಕಾಲಿಟ್ಟಲ್ಲೆಲ್ಲ ಜಾರುವ ಪಾಚಿ.

ಕುಂದಾಪುರದ ಕಡಲಬದಿಯಲ್ಲಿ ಬೆಳೆದ ನನಗೆ ಭರತ, ಇಳಿತ ಹೊಸತಲ್ಲ. ಆದರೆ ನಮ್ಮಲ್ಲಿ ಅವುಗಳ ಅಂತರ ಎರಡು ಮೀಟರ್ ಮುಟ್ಟದು. ಇಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಎಂಟು ಮೀಟರ್ ದಾಟುತ್ತದೆ. ಅಟ್ಲಾಂಟಿಕ್‌ನಿಂದ ನುಗ್ಗಿದ ನೀರು, ಒಳಗೆ ಹೋದಷ್ಟೂ ಕಿರಿದಾಗುವ ಬ್ರಿಸ್ಟಲ್ ಚಾನೆಲ್‌ನಲ್ಲಿ ಜಾಗ ಸಾಲದೆ ಮೇಲಕ್ಕೇರುತ್ತದೆ. ಅದೂ ಒಂದೇ ಸಮನಾಗಿ ಅಲ್ಲ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯದಕ್ಕೆ ಮೂರು ಮೂರು ಪಾಲು. ಆ ಮೂರನೆಯ ಗಂಟೆ ಶುರುವಾಗಲು ಇನ್ನು ಹತ್ತೇ ನಿಮಿಷ!

ಬಗ್ಗಿ ಕೈ ಹಾಕಿದೆ. ಬೂಟಿನ ಲೇಸ್ ನೆನೆದು ಗಂಟು ಬಿಗಿದಿತ್ತು. ಬೆರಳು ಮರಗಟ್ಟಿ ಉಗುರು ನಿಲ್ಲುತ್ತಿಲ್ಲ. ಬೋರಲು ಮಲಗಿ ಹಲ್ಲಿನಿಂದ ಕಚ್ಚಿ ಎಳೆದೆ. ಬಾಯಿತುಂಬ ಉಪ್ಪು, ಮರಳು. ಸಂದಿಯೊಳಗೆ ನೀರು ಬುಳುಬುಳು ಏರತೊಡಗಿತು.

"ನೀ ಹೋಗಪಾ. ಆ ದಂಡಿಗೆ ಹೋಗಿ ಯಾರನ್ನರ ಕರ್ಕೊಂಡ್ ಬಾ."

"ಸುಮ್ನಿರ್ ಮಾರಾಯ! ಭರತ ಬಂತು, ಏಳು!"

ಗಂಟು ಸಡಿಲಿತು. ಅವನು ಚೀರಿಕೊಂಡ, ಬೂಟು ಅಲ್ಲೇ ಉಳಿಯಿತು, ಕಾಲು ಹೊರಬಂತು. ಹರಡು ಆಗಲೇ ಊದಿತ್ತು.

ಮುಂದೆ ದಡ ಕೈಗೆಟುಕುವಷ್ಟು ಹತ್ತಿರ. ನಡುವಿನ ತಗ್ಗಿನಲ್ಲಿ ಎರಡೂ ಕಡೆಯ ನೀರು ನುಗ್ಗಿ ಒಂದಕ್ಕೊಂದು ಡಿಕ್ಕಿ ಹೊಡೆದು ನೊರೆ ಕಾರುತ್ತಿತ್ತು. ನಾನೊಬ್ಬನೇ ಆಗಿದ್ದರೆ ಓಡಿ ದಾಟುತ್ತಿದ್ದೆನೇನೋ. ಇವನನ್ನು ಹೊತ್ತು? ಸಾಧ್ಯವೇ ಇಲ್ಲ. ಇಲ್ಲಿ ಜೀವ ತೆಗೆಯುವುದು ಹತ್ತಿರ ಕಾಣುವ ಆ ದಡದ ಆಸೆಯೇ. ಸಿಕ್ಕಿಬಿದ್ದರೆ ನೀರಿಗಿಳಿಯಬಾರದು, ದ್ವೀಪದಲ್ಲೇ ಕಾಯಬೇಕು. ಸ್ವಾನ್ಸಿಯ ಕವಿ ಡಿಲನ್ ಥಾಮಸ್ ಕೂಡ ಹರೆಯದಲ್ಲಿ ಇಲ್ಲೇ ಭರತಕ್ಕೆ ಸಿಕ್ಕಿ, ದ್ವೀಪದಲ್ಲೇ ಉಳಿದು ಬದುಕಿದವರು.

"ಹಿಂದಕ್ಕೆ!"

ಅವನನ್ನು ಮೂಟೆಯಂತೆ ಬೆನ್ನಿಗೆ ಹಾಕಿಕೊಂಡೆ. ಕಣಕಾಲು ಮುಳುಗಿತು. ಮೊಣಕಾಲು ಮುಳುಗಿತು. ಬಿದ್ದೆವು, ಎದ್ದೆವು, ಪಚ್ಚಿಲೆ ಚಿಪ್ಪಿಗೆ ಅಂಗೈ ಸೀಳಿತು. ಕೊನೆಗೆ ಹುಲ್ಲಿನ ಇಳಿಜಾರಿನ ಮೇಲೆ ಉರುಳಿದಾಗ ಹಿಂದೆ ದಾರಿಯೇ ಇರಲಿಲ್ಲ.

999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಕೇಳಿದೆ. "ಎತ್ತರದಲ್ಲೇ ಇರಿ, ನೀರಿಗೆ ಇಳಿಯಬೇಡಿ, ಬರುತ್ತಿದ್ದೇವೆ" ಎಂದಿತು ಆ ಕಡೆಯ ಹೆಣ್ಣುದನಿ. ಒದ್ದೆ ಬಟ್ಟೆ, ಪಶ್ಚಿಮದ ಗಾಳಿ. ನನ್ನ ಒಣ ಸ್ವೆಟರ್ ಅವನಿಗೆ ತೊಡಿಸಿ ಬಿಗಿಯಾಗಿ ತಬ್ಬಿ ಕೂತೆ. ಕಣ್ಣು ಮುಚ್ಚದಿರಲೆಂದು ಮಗ್ಗಿ ಹೇಳಿಸಿದೆ. ಕ್ಯಾಲ್ಕುಲೇಟರ್ ಮುಟ್ಟದೆ ಲೆಕ್ಕ ಮಾಡುವ ಹುಡುಗ ಹದಿಮೂರರ ಮಗ್ಗಿಯಲ್ಲಿ ತಡವರಿಸಿದ. ಆ ಇಡೀ ದಿನದಲ್ಲಿ ನನ್ನ ಎದೆ ಒಡೆದದ್ದು ಆಗ. ಬಂಡೆಯ ಸಂದಿಯಲ್ಲಿ ಕಾಲನ್ನು ಎಳೆಯಬಹುದಿತ್ತು. ಚಳಿ ಮೆದುಳಿಗೇರಿದರೆ ಏನನ್ನು ಹಿಡಿದೆಳೆಯಲಿ?

"ಹದಿಮೂರೇಳ್ಲೆ? ಹೇಳು ಮಾರಾಯ, ಹೇಳು!"

"ತೊಂಬತ್... ತೊಂಬತ್ತೊಂದು."

ಅಷ್ಟರಲ್ಲಿ ಇಂಜಿನ್ ಸದ್ದು. ಅಲೆಗಳ ಮೇಲೆ ಪುಟಿಯುತ್ತ ಕಿತ್ತಳೆ ಬಣ್ಣದ ರಬ್ಬರ್ ದೋಣಿ. ಹೆಲ್ಮೆಟ್ ತೊಟ್ಟವರು ಬಂಡೆ ಹತ್ತಿ ಬಂದು, ಅವನ ಕಾಲಿಗೆ ಆಸರೆ ಕಟ್ಟಿ, ಇಬ್ಬರಿಗೂ ಲೈಫ್‌ಜಾಕೆಟ್ ಹಾಕಿ ಇಳಿಸಿಕೊಂಡರು. ಬೆಳಿಗ್ಗೆ ನಾವು ನಡೆದು ಬಂದ ಬಂಡೆಗಳ ಮೇಲೆಯೇ ದೋಣಿ ಭರ್ರನೆ ಹಾಯಿತು.

ಕಂಬಳಿಯೊಳಗಿಂದ ಗೆಳೆಯ ಪಿಸುಗುಟ್ಟಿದ: "ಎಷ್ಟ್ ರೊಕ್ಕ ಕೊಡಬೇಕು, ಕೇಳು."

ಕೇಳಿದೆ. ಚುಕ್ಕಾಣಿ ಹಿಡಿದವರು ತಲೆಯಾಡಿಸಿ ನಕ್ಕರು. ಆ ದೋಣಿ ಕಳಿಸಿದ, 1824ರಲ್ಲಿ ಹುಟ್ಟಿದ ಕಡಲ ರಕ್ಷಣಾ ಸಂಸ್ಥೆ ಆರ್‌ಎನ್‌ಎಲ್‌ಐ ನಡೆಯುವುದು ಜನ ಕೊಡುವ ದೇಣಿಗೆಯಿಂದ. ದೋಣಿಯಲ್ಲಿದ್ದ ಅವರೆಲ್ಲ ಸ್ವಯಂಸೇವಕರು, ಪೇಜರ್ ಕೂಗಿದೊಡನೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದವರು. ಗುರುತಿಲ್ಲದ ಇಬ್ಬರು ಹುಡುಗರಿಗಾಗಿ! ಕೈ ಮುಗಿದೆ. ಅವರಿಗೆ ಅದು ಅರ್ಥವಾಯಿತು.

ದಡದಲ್ಲಿ ಆಂಬುಲೆನ್ಸ್ ಕಾದಿತ್ತು. ಬಿಸಿ ಚಹಾ ಒಳಗಿಳಿದ ಮೇಲೆ ಗೆಳೆಯ ಊರಿಗೆ ಫೋನ್ ಹಚ್ಚಿದ.

"ಅವ್ವಾ, ಸಮುದ್ರ ನೋಡಿ ಬಂದ್ನಿ. ಕಾಲ್ ಒಂಚೂರು ಉಳುಕೇತಿ, ಅಷ್ಟ."